ಎಡಗೈ ಬ್ರೇಕು

ತಾರೀಕು ಎಂಟು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಪಾರ್ಸಲ್ ಬುಧವಾರವೇ ಬಂತು. ತಲುಪಿತು ಎಂದು ಫೋನಿನಲ್ಲಿ ಹೇಳಿದೆನಾದರೂ ಹೊಗಳಿದ್ದು ಸಾಲದು ಅಂತ ಆಮೇಲೆ ಅನಿಸಿತು. ನೀನು ಹೊಲಿದ ನಾಲ್ಕು ಚೀಲಗಳನ್ನೂ ನಡುಮನೆಯ ನೆಲದ ಮೇಲೆ ಸಾಲಾಗಿಟ್ಟುಕೊಂಡು ಬಹಳ ಹೊತ್ತು ನೋಡುತ್ತ ಕೂತಿದ್ದೆ. ಸೈಕಲ್ಲಿನ ಹಿಂದಿನ ಚಕ್ರದ ಅಕ್ಕಪಕ್ಕಕ್ಕೆ ಎರಡು ದೊಡ್ಡವು, ಮುಂದಿನದಕ್ಕೆ ಎರಡು ಚಿಕ್ಕವು. ಅಂಚಿಗೆಲ್ಲ ಎರಡೆರಡು ಸಾಲು ಹೊಲಿಗೆ, ಮೂಲೆಗಳಿಗೆ ಚರ್ಮದ ತುಂಡು. ಒಳಗೆ ಕೈ ಹಾಕಿ ತಡಕಿದರೆ ಮಾತ್ರ ಸಿಗುವ ಒಂದು ಕಳ್ಳಜೇಬು ಬೇರೆ. ಇವರು ಆಫೀಸಿನಿಂದ ಬಂದವರೇ ಒಂದನ್ನು ಎತ್ತಿ, ತಿರುಗಿಸಿ, ಹೊಲಿಗೆಯನ್ನು ಉಗುರಿನಿಂದ ಕೆದಕಿ, ಸೈಕಲ್ ಮುರಿದರೂ ಚೀಲ ಹರಿಯುವುದಿಲ್ಲ ಎಂದು ತೀರ್ಪು ಕೊಟ್ಟರು. ಇವರು ಯಾವುದನ್ನೂ ಅಷ್ಟು ಸುಲಭವಾಗಿ ಮೆಚ್ಚುವವರಲ್ಲ ಅಂತ ನಿನಗೆ ಗೊತ್ತು.

ಫೋನ್ ಇರುವಾಗ ಪತ್ರ ಯಾಕೆ ಅಂತ ನೀನು ಲಕೋಟೆ ನೋಡಿದ ಕೂಡಲೇ ಕೇಳಿಕೊಂಡಿರುತ್ತೀಯ. ವಾರಕ್ಕೊಮ್ಮೆ ನಾವು ಮಾತಾಡುವುದು ನಿನ್ನ ಬಿ.ಪಿ., ನನ್ನ ಕುತ್ತಿಗೆ ನೋವು, ನಿನ್ನ ಮಗಳ ಪರೀಕ್ಷೆ. ಅವುಗಳ ನಡುವೆ ಈ ಮಾತನ್ನು ತೂರಿಸಲು ಆಗುವುದಿಲ್ಲ. ಹೇಳಲು ಹೊರಟರೂ ನೀನು ಅರ್ಧಕ್ಕೇ ಇರಲಿ ಬಿಡೇ ಅಂದುಬಿಡುತ್ತೀಯ, ನಾನೂ ಸಂತೋಷವಾಗಿ ಬಿಟ್ಟುಬಿಡುತ್ತೇನೆ. ಕಾಗದಕ್ಕೆ ಆ ಅಭ್ಯಾಸ ಇಲ್ಲ. ನನ್ನನ್ನು ಬೀಳ್ಕೊಡಲು ಇಪ್ಪತ್ತೊಂದಕ್ಕೆ ಬರುತ್ತೇನೆ ಅಂದಿದ್ದೀಯಲ್ಲ, ಅದಕ್ಕೆ ಮೊದಲೇ ಇದು ನಿನ್ನ ಕೈ ಸೇರಬೇಕು. ಓದಿದ ಮೇಲೆ ಬರುವುದೋ ಬಿಡುವುದೋ ನೀನು ನಿರ್ಧರಿಸು. ಬಂದು, ಚೀಲಗಳನ್ನು ನಿನ್ನ ಕೈಯಾರೆ ಸೈಕಲ್ಲಿಗೆ ಕಟ್ಟಿ, ನನಗೆ ಕೈಬೀಸಿ ಮನೆಗೆ ಹೋದ ಮೇಲೆ ನಿನಗೆ ಇದು ಗೊತ್ತಾಗಬಾರದು. ಅಷ್ಟು ಮಟ್ಟಿನ ನ್ಯಾಯವಾದರೂ ನನ್ನಿಂದ ಆಗಲಿ.

ಮೊದಲು ತಯಾರಿಯ ವಿಷಯ ಬರೆದುಬಿಡುತ್ತೇನೆ. ಪ್ರತಿ ವಾರ ಅದನ್ನೇ ಕೇಳುತ್ತೀಯ. ನಾನು ಮುಖ್ಯ ವಿಷಯಕ್ಕೆ ಬರುವ ಮುಂಚೆ ಸುತ್ತು ಬಳಸುವವಳು ಅಂತಲೂ ನಿನಗೆ ಗೊತ್ತಿರುವುದರಿಂದ ಸಹಿಸಿಕೋ.

ಮುಕ್ಕಾಲು ಪಾಲು ಮುಗಿದಿದೆ. ಪಂಕ್ಚರ್ ಹಾಕಲು ಮೊದಲು ನಲವತ್ತು ನಿಮಿಷ ಬೇಕಾಗುತ್ತಿತ್ತು, ಈಗ ಹದಿನಾಲ್ಕಕ್ಕೆ ಇಳಿದಿದೆ. ಗುಡಾರವನ್ನು ನಡುಮನೆಯಲ್ಲೇ ಹಾಕಿ ಒಂದು ಮಧ್ಯಾಹ್ನ ಅದರೊಳಗೆ ಮಲಗಿ ನೋಡಿದೆ. ಇಸ್ತ್ರಿ ಬಟ್ಟೆ ಕೊಡಲು ಬಂದವನು ಬಾಗಿಲಲ್ಲೇ ನಿಂತು, ಮನೆಯೊಳಗೇ ಮನೆ ಮಾಡಿಕೊಂಡಿದ್ದೀರಾ, ಯಜಮಾನರ ಜೊತೆ ಜಗಳವಾ ಎಂದು ವಿಚಾರಿಸಿದ. ಸೈಕಲ್ಲನ್ನು ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ತುಂಬುವುದನ್ನು ಎರಡು ಸಲ ಅಭ್ಯಾಸ ಮಾಡಿದ್ದೇನೆ. ಪೆಡಲ್ ಬಿಚ್ಚಬೇಕು, ಹ್ಯಾಂಡಲ್ ತಿರುಗಿಸಬೇಕು, ಟೈರಿನ ಗಾಳಿ ಬಿಡಬೇಕು. ಪ್ರತಿಯೊಂದನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಿದ್ದೇನೆ. ಸೋಪಿನ ತೂಕ ಆಯಿತು, ನನ್ನದು ಯಾವಾಗ ಎಂದು ಇವರು ಕೇಳಿದರು. ನೀವು ಬರುವುದಿಲ್ಲವಲ್ಲ, ಆ ತೊಂದರೆ ಬೇಡ ಎಂದೆ. ಇಪ್ಪತ್ತು ವರ್ಷ ದುಡಿದದ್ದಕ್ಕೆ ಆಫೀಸಿನವರು ಎರಡು ತಿಂಗಳ ರಜೆ ಕೊಟ್ಟಿದ್ದಾರೆ. ಪರದೇಶದಲ್ಲಿ, ಒಂದು ನದಿ ಹುಟ್ಟುವ ಬೆಟ್ಟದಿಂದ ಅದು ಸಮುದ್ರ ಸೇರುವ ಊರಿನವರೆಗೆ ಸಾವಿರದ ನೂರು ಕಿಲೋಮೀಟರ್. ನಕ್ಷೆ ಕಳಿಸಿದಾಗ ನೀನು ಫೋನ್ ಮಾಡಿ ಕೇಳಿದೆ: "ನಮ್ಮ ನದೀನೇ ಅಲ್ವೇನೇ ಇದು?" ನನ್ನದು ಅನ್ನಲಿಲ್ಲ, ನಮ್ಮದು ಅಂದೆ. ಆ ಒಂದು ಮಾತು ನನ್ನನ್ನು ಅವತ್ತಿನಿಂದ ಚುಚ್ಚುತ್ತಿದೆ.

ಹೋದ ವಾರ ಸೈಕಲ್ಲನ್ನು ಕೊನೆಯ ಸಲ ತೋರಿಸಲು ರಿಪೇರಿಯವರ ಹತ್ತಿರ ಹೋಗಿದ್ದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದು ಒಂದೇ ಕೋಣೆಯ ಅಂಗಡಿ. ಚಾವಣಿಯಿಂದ ಹಳೆಯ ಚಕ್ರಗಳು ಜೋತಾಡುತ್ತಿರುತ್ತವೆ, ಎತ್ತರದವರು ತಲೆ ತಗ್ಗಿಸಿಯೇ ಒಳಗೆ ಬರಬೇಕು. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ನಾನು ವಿದೇಶಕ್ಕೆ ಹೋಗುತ್ತಿದ್ದೇನೆ ಎಂದು ತಿಳಿದಂದಿನಿಂದ ಮಾತ್ರ ನನ್ನನ್ನು ಮೊದಲ ಸಲ ಶಾಲೆಗೆ ಹೊರಟ ಮಗುವಿನಂತೆ ನೋಡಿಕೊಳ್ಳುತ್ತಾರೆ. ಅವತ್ತು ಚೈನಿಗೆ ಎಣ್ಣೆ ಬಿಟ್ಟು, ಕೈ ಒರೆಸಿಕೊಂಡು ಕೇಳಿದರು: "ಅಮ್ಮಾ, ನೀವು ಹೋಗೋ ಕಡೆ ಎಡಗೈದು ಮುಂದಿನ ಬ್ರೇಕಂತೆ, ನಮ್ಮ ಹಾಗಲ್ಲ. ಈಗ್ಲೇ ಬದಲಾಯಿಸಿ ಕೊಟ್ಬಿಡ್ಲಾ? ಕೈಗೆ ಅಭ್ಯಾಸ ಆಗುತ್ತೆ."

ನಾಳೆ ಹೇಳುತ್ತೇನೆ ಎಂದೋ ಏನೋ ಗೊಣಗಿ, ಸೈಕಲ್ಲನ್ನು ಅಲ್ಲೇ ಬಿಟ್ಟು, ಓಣಿಯ ತುದಿಯ ಚಹಾದ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತೆ. ಎರಡು ಲೋಟ ಚಹಾ ಕುಡಿದೆ. ನಲವತ್ತಾರು ವರ್ಷದ ಹೆಂಗಸು ಸೈಕಲ್ ಬ್ರೇಕಿನ ಮಾತಿಗೆ ಹೀಗೆ ಓಡಿಬಂದು ಕೂತಿದ್ದನ್ನು ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ಅಕ್ಕಾ, ನಿನಗೆ ಇಪ್ಪತ್ತೆರಡು, ನನಗೆ ಹದಿನೇಳು ಆಗಿದ್ದ ಆ ವರ್ಷ ನೆನಪಿದೆಯಾ ಎಂದು ಕೇಳುವುದೇ ತಪ್ಪು. ಆದರೂ ನನಗೆ ನೆನಪಿರುವುದನ್ನು ನಿನಗೆ ಹೇಳಬೇಕು. ಅದರಲ್ಲಿ ನನ್ನ ಬದುಕಿನ ಅತ್ಯಂತ ಸುಖದ ನಾಲ್ಕು ತಿಂಗಳೂ ಇವೆ.

ಸೈಕಲ್ ಸಂಘದವರು ಊರಿಗೆ ಒಬ್ಬರನ್ನು ಆರಿಸಿ ಹೊರದೇಶಕ್ಕೆ, ಇದೇ ನದಿಯ ಗುಂಟ ನಲವತ್ತು ದಿನದ ಸವಾರಿಗೆ ಕಳಿಸುತ್ತಾರೆ, ಆ ಒಬ್ಬರು ನೀನು ಎಂಬ ಕಾಗದ ಬಂದ ದಿನ ಅಪ್ಪ ಅದನ್ನು ನಿಂತುಕೊಂಡು ಒಂದು ಸಲ, ಕೂತುಕೊಂಡು ಒಂದು ಸಲ ಓದಿದರು. ಅಮ್ಮ ಅಳುವುದೋ ನಗುವುದೋ ತಿಳಿಯದೆ ಒಗೆದ ಬಟ್ಟೆಯನ್ನೇ ಮತ್ತೆ ನೀರಿಗೆ ಹಾಕಿದಳು. ಮಾರನೆಯ ದಿನದಿಂದ ಮನೆಯೇ ದಂಡಯಾತ್ರೆಗೆ ಹೊರಟಂತಾಯಿತು. ಅಪ್ಪ ತಾವು ದುಡಿಯುವ ಗೋದಾಮಿನಿಂದ ಸ್ಪ್ರಿಂಗ್ ತಕ್ಕಡಿ ತಂದು ಬಾಗಿಲ ಚೌಕಟ್ಟಿಗೆ ನೇತುಹಾಕಿದರು. ಹದಿನೆಂಟು ಕಿಲೋ ಮೀರಬಾರದು ಅಂತ ನಿಯಮ. ನೀನು ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದೆ, ಟವೆಲ್ಲನ್ನು ಅರ್ಧ ಮಾಡಿದೆ, ಆ ಉಮೇದಿನಲ್ಲಿ ಅಪ್ಪನ ಬಾಚಣಿಗೆಯನ್ನೂ ಗರಗಸದಲ್ಲಿ ಕುಯ್ದುಬಿಟ್ಟೆ. ಅಪ್ಪ ಅದನ್ನು ಕನ್ನಡಿಯ ಮುಂದೆ ಹಿಡಿದು, ಪರವಾಗಿಲ್ಲ, ಕೂದಲೂ ಅರ್ಧವೇ ಉಳಿದಿದೆ ಎಂದರು. ಆಮೇಲೆ ಎಷ್ಟೋ ವರ್ಷ ಆ ಅರ್ಧ ಬಾಚಣಿಗೆಯಲ್ಲೇ ತಲೆ ಬಾಚಿಕೊಂಡರು.

ಕಾಗದದ ಜೊತೆಗೇ ಒಂದು ದಪ್ಪ ನೀಲಿ ಕೈಪಿಡಿ ಬಂದಿತ್ತು. ನೂರ ಅರವತ್ತು ಪುಟ, ಎಲ್ಲ ಇಂಗ್ಲಿಷ್. ನನ್ನನ್ನು ಶಾಲೆಗೆ ಹಾಕುವ ಹೊತ್ತಿಗೆ ಅಪ್ಪನಿಗೆ ಬಡ್ತಿ ಸಿಕ್ಕಿತ್ತು, ಹಾಗಾಗಿ ನನಗೆ ಟೈ ಕಟ್ಟಿಸುವ ಇಂಗ್ಲಿಷ್ ಶಾಲೆ. ನಿನ್ನ ಕಾಲಕ್ಕೆ ಆಗಿರಲಿಲ್ಲ, ನಿನಗೆ ಬೀದಿ ತಿರುವಿನ ಸರ್ಕಾರಿ ಶಾಲೆ. ನೀನು ಅದನ್ನು ಯಾವತ್ತೂ ಆಡಿ ತೋರಿಸಿದವಳಲ್ಲ. ಸಂಜೆ ಮಹಡಿಯ ಮೇಲೆ ನೀನು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚೈನು ಉಜ್ಜುತ್ತಿದ್ದೆ, ನಾನು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಪುಸ್ತಕವನ್ನು ಓದಿ, ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಹುಳಾ, ಮುಂದಕ್ಕೆ ಹೇಳು, ಎನ್ನುತ್ತಿದ್ದೆ ನೀನು. ಪುಸ್ತಕದ ಹುಳ ಎನ್ನುವುದು ನಿನ್ನ ಬಾಯಲ್ಲಿ ಬರೀ ಹುಳವಾಗಿತ್ತು. ನಾನು ಏನು ಹೇಳಿದರೆ ಅದೇ ನಿನಗೆ ಪುಸ್ತಕ. ಆ ನಂಬಿಕೆ ನನ್ನ ತಲೆಗೆ ಏರಿತ್ತು ಕಣೇ. ಅರ್ಥವಾಗದ ಕಡೆ ಸ್ವಂತದ್ದು ಸೇರಿಸುತ್ತಿದ್ದೆ. ಅಲ್ಲಿನ ಬಿಡಾರಗಳಲ್ಲಿ ಗುಡಾರಕ್ಕೊಂದು ಬಿಸಿನೀರಿನ ನಲ್ಲಿ ಇರುತ್ತದೆ ಎಂದು ಹೇಳಿದ್ದೆನಲ್ಲ, ಅದು ಪುಸ್ತಕದಲ್ಲಿ ಇರಲಿಲ್ಲ. ಅದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಭಾನುವಾರಗಳಂದು ಅಭ್ಯಾಸದ ಸವಾರಿ. ಸಾಮಾನಿನ ಭಾರ ಅಭ್ಯಾಸವಾಗಲಿ ಎಂದು ಗೋಣಿಚೀಲದಲ್ಲಿ ಪೇಪರು ಸುತ್ತಿದ ಇಟ್ಟಿಗೆ ತುಂಬಿ ನಿನ್ನ ಸೈಕಲ್ಲಿಗೆ ಕಟ್ಟುತ್ತಿದ್ದೆವು. ಅಮ್ಮ ಗೇಟಿನ ಹತ್ತಿರ ನಿಂತು, "ಜನ ಮನೆ ಕಟ್ಟೋಕೆ ಇಟ್ಟಿಗೆ ಹೊರ್ತಾರೆ, ನೀವು ಊರು ತೋರಿಸಿ ವಾಪಸ್ ಕರ್ಕೊಂಡು ಬರ್ತೀರಲ್ರೇ," ಅನ್ನುತ್ತಿದ್ದಳು. ನೀನು ಮುಂದೆ, ನಾನು ಹಿಂದೆ. ಅಪ್ಪನ ಹಳೆಯ ಸೈಕಲ್ಲಿನಲ್ಲಿ ನನ್ನ ಕಾಲು ಸರಿಯಾಗಿ ಎಟುಕುತ್ತಲೂ ಇರಲಿಲ್ಲ. ನಿನ್ನ ಸಂಜ್ಞೆಗಳು ನನಗೆ ಇವತ್ತಿಗೂ ಬಾಯಿಪಾಠ: ಬಲಗೈ ಎತ್ತಿದರೆ ನಿಲ್ಲು. ಬಲಗೈ ಕೆಳಗೆ ಚಾಚಿ ಬೆರಳು ಆಡಿಸಿದರೆ ಗುಂಡಿ ಅಥವಾ ಜಲ್ಲಿ, ಹುಷಾರು. ಬಲಗೈ ನನ್ನ ಜೊತೆ ಮಾತಾಡಲು, ಎಡಗೈ ಹಿಂದಿನ ಬ್ರೇಕಿಗೆ. ನೀನೇ ಮಾಡಿಕೊಂಡ ಕ್ರಮ ಅದು. ಎಷ್ಟು ಪಳಗಿತ್ತೆಂದರೆ ನೀನು ಆ ಬಗ್ಗೆ ಯೋಚಿಸುತ್ತಲೂ ಇರಲಿಲ್ಲ.

ಹೊರಡಲು ಇನ್ನು ಐದು ವಾರ ಇದ್ದಾಗ ಕೈಪಿಡಿಯ ಕೊನೆಯ ಭಾಗದಲ್ಲಿ ಒಂದು ಪುಟ ಸಿಕ್ಕಿತು. ಅಲ್ಲಿ ವಾಹನಗಳು ರಸ್ತೆಯ ಬಲಬದಿಗೆ ಓಡುತ್ತವೆ, ಸವಾರರು ತಿರುಗುವಾಗ ಎಡಗೈ ಚಾಚುತ್ತಾರೆ, ಆದ್ದರಿಂದ ಹಿಂದಿನ ಬ್ರೇಕು ಬಲಗೈಗೆ, ಮುಂದಿನದು ಎಡಗೈಗೆ ಇರುತ್ತದೆ, ಅಲ್ಲಿ ನಿಮಗೆ ಕೊಡುವ ಸೈಕಲ್ಲೂ ಹಾಗೆಯೇ ಇರುತ್ತದೆ, ಮೊದಲೇ ಅಭ್ಯಾಸ ಮಾಡಿಕೊಂಡು ಬನ್ನಿ. ಚಿತ್ರ ಸಮೇತ ಇತ್ತು. ನನಗೆ ಎಂಥ ಉತ್ಸಾಹ ಬಂತೆಂದರೆ, ನಿನಗೆ ಹೇಳುವುದಕ್ಕಿಂತ ಮಾಡಿಯೇ ತೋರಿಸೋಣ ಅನಿಸಿತು. ಆ ಶನಿವಾರ ಮಧ್ಯಾಹ್ನ ನೀನು ಹೊಲಿಗೆ ತರಗತಿಗೆ ಹೋಗಿದ್ದಾಗ ಹಿತ್ತಲಿನಲ್ಲಿ ಕೂತು, ಸ್ಪ್ಯಾನರು ಇಕ್ಕಳ ಹಿಡಿದು, ನಿನ್ನ ಸೈಕಲ್ಲಿನ ಎರಡೂ ಬ್ರೇಕಿನ ತಂತಿಗಳನ್ನು ಅದಲುಬದಲು ಮಾಡಿದೆ. ಒಂದೂವರೆ ಗಂಟೆ ಹಿಡಿಯಿತು. ಬೆರಳು ತರಚಿತು. ಎರಡೂ ಒತ್ತಿ ನೋಡಿದೆ, ಚೆನ್ನಾಗಿ ಹಿಡಿಯುತ್ತಿದ್ದವು. ನೀನು ಬಂದು ನೋಡಿ ಬೆನ್ನು ತಟ್ಟುವುದನ್ನು ಕಲ್ಪಿಸಿಕೊಂಡು ಖುಷಿಪಟ್ಟೆ.

ಇಲ್ಲಿಯವರೆಗಿನದನ್ನು ಬರೆಯುವಾಗ ನನ್ನ ಕೈ ತಡೆಯಲಿಲ್ಲ. ಇನ್ನು ಮುಂದಿನದು ಕಷ್ಟ.

ಅವತ್ತು ಸಂಜೆ ಸಂಘದ ಸಭೆ ಇತ್ತು. ನೀನು ತರಗತಿಯಿಂದ ನೇರ ಅಲ್ಲಿಗೇ ಬಂದೆ. ಯಾರೋ ನಿನ್ನ ಪ್ರಯಾಣದ ಕಾಗದ ಓದುವಾಗ ನಾನು ಅವರ ಉಚ್ಚಾರಣೆ ತಿದ್ದಿದೆ. ನನ್ನ ಬುದ್ಧಿಯೇ ಹಾಗಿತ್ತು ಆಗ. ನೀನು ಎಲ್ಲರ ಮುಂದೆ ನಕ್ಕು ಹೇಳಿದೆ: "ಇವಳಿಗೆ ಪುಸ್ತಕದಲ್ಲಿ ಎಲ್ಲ ಗೊತ್ತು. ಸೈಕಲ್ ಮೇಲೆ ಕೂರಿಸಿದ್ರೆ ಹ್ಯಾಂಡಲ್ ಯಾವ ಕಡೆ ಅಂತ ನಾನೇ ತೋರಿಸ್ಬೇಕು." ಇಡೀ ಕೋಣೆ ನಕ್ಕಿತು. ನಾವು ಜಿಂಕೆ ಎಂದು ಕರೆಯುತ್ತಿದ್ದ ಆ ಉದ್ದಕಾಲಿನ ಹುಡುಗಿಯಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನೀನು ಪ್ರೀತಿಯಿಂದಲೇ ಅಂದದ್ದು, ನನಗೆ ಗೊತ್ತು. ಆಗಲೂ ಗೊತ್ತಿತ್ತು. ಆದರೆ ಅವತ್ತು ಮಧ್ಯಾಹ್ನ ತಾನೇ ನಿನ್ನ ಸೈಕಲ್ಲಿಗಾಗಿ ಬೆರಳು ತರಚಿಕೊಂಡವಳಿಗೆ ಆ ನಗು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಮನೆಗೆ ಬಂದವಳೇ ತಲೆನೋವು ಎಂದು ಮಲಗಿಬಿಟ್ಟೆ.

ಬೆಳಿಗ್ಗೆ ಎದ್ದಾಗ ಎಂದಿನ ಗಡಿಬಿಡಿ. ಇಟ್ಟಿಗೆ ತುಂಬು, ನೀರಿನ ಬಾಟಲಿ ಹುಡುಕು, ನನ್ನ ಚಪ್ಪಲಿ ಎಲ್ಲಿ. ಆ ಗಲಾಟೆಯಲ್ಲಿ ಬ್ರೇಕಿನ ವಿಷಯ ನಿನಗೆ ಹೇಳಲು ಮರೆತೆ.

ಸಮತಟ್ಟಿನ ರಸ್ತೆಯಲ್ಲಿ ನಿನಗೆ ವ್ಯತ್ಯಾಸ ತಿಳಿಯಲಿಲ್ಲ. ಎರಡನ್ನೂ ಮೆಲ್ಲಗೆ ಒಟ್ಟಿಗೆ ಒತ್ತುವವಳು ನೀನು. ನೀರಿನ ಟ್ಯಾಂಕಿನ ಇಳಿಜಾರಿಗೆ ಬಂದಾಗ ತಿರುವಿನಲ್ಲಿ ಹೊಸ ಜಲ್ಲಿ ಸುರಿದಿದ್ದರು. ನಿನ್ನ ಬಲಗೈ ಹ್ಯಾಂಡಲ್ ಬಿಟ್ಟು ಕೆಳಗೆ ಬಂದು ಬೆರಳು ಆಡಿಸಿದ್ದನ್ನು ನಾನು ಹಿಂದಿನಿಂದ ನೋಡಿದೆ. ಅದು ನನಗೆ, ಹುಷಾರು ಎಂದು. ಅದೇ ಹೊತ್ತಿಗೆ ನಿನ್ನ ಎಡಗೈ ಯಾವತ್ತಿನಂತೆ ಹಿಂದಿನ ಬ್ರೇಕನ್ನು ಒತ್ತಿತು. ಅಲ್ಲಿ ಇದ್ದದ್ದು ಮುಂದಿನ ಬ್ರೇಕು. ಮುಂದಿನ ಚಕ್ರ ಜಲ್ಲಿಯ ಮೇಲೆ ಕಚ್ಚಿಕೊಂಡು ನಿಂತಿತು. ನೀನು ಹ್ಯಾಂಡಲ್ಲಿನ ಮೇಲಿನಿಂದ ಹಾರಿ ಬಿದ್ದೆ, ಇಟ್ಟಿಗೆಯ ಭಾರದ ಸಮೇತ ಸೈಕಲ್ಲು ನಿನ್ನ ಮಂಡಿಯ ಮೇಲೆ ಬಿತ್ತು.

ನೀನು ನನಗೆ ಎಚ್ಚರಿಕೆ ಹೇಳಲು ಕೈ ತೆಗೆದೆ, ಅಕ್ಕಾ. ಇಲ್ಲದಿದ್ದರೆ ಎರಡೂ ಕೈ ಹ್ಯಾಂಡಲ್ಲಿನ ಮೇಲೇ ಇರುತ್ತಿದ್ದವು.

ಹಾಲಿನ ವ್ಯಾನಿನವನು ನಿನ್ನನ್ನು ಆಸ್ಪತ್ರೆಗೂ ಸೈಕಲ್ಲನ್ನು ಮನೆಗೂ ಮುಟ್ಟಿಸಿದ. ಅಪ್ಪ ಅಮ್ಮ ಇಬ್ಬರೂ ನಿನ್ನ ಹತ್ತಿರ ಓಡಿದರು. ನನ್ನನ್ನು ಮನೆ ಕಾಯಲು ಬಿಟ್ಟರು. ಮಧ್ಯಾಹ್ನ ಹನ್ನೆರಡರ ಬಿಸಿಲು. ಹಿತ್ತಲಿನಲ್ಲಿ ಸೈಕಲ್ಲು ಸೊಟ್ಟ ಹ್ಯಾಂಡಲ್ಲಿನೊಂದಿಗೆ ಗೋಡೆಗೆ ಒರಗಿತ್ತು. ನಾನು ಮತ್ತೆ ಸ್ಪ್ಯಾನರು ಇಕ್ಕಳ ತಂದೆ. ಹಿಂದಿನ ದಿನ ಒಂದೂವರೆ ಗಂಟೆ ಹಿಡಿದ ಕೆಲಸ ಅವತ್ತು ಅರ್ಧ ಗಂಟೆಯಲ್ಲಿ ಮುಗಿಯಿತು. ತಂತಿಗಳನ್ನು ಮೊದಲಿದ್ದ ಹಾಗೆ ಹಾಕಿ, ಇಕ್ಕಳವನ್ನು ಅದರ ಡಬ್ಬಿಯಲ್ಲಿಟ್ಟು, ಕೈ ತೊಳೆದುಕೊಂಡು ಒಳಗೆ ಹೋಗಿ ಕೂತೆ. ಈ ಅರ್ಧ ಗಂಟೆಗೆ ಮರೆವು, ಗಡಿಬಿಡಿ, ಚಿಕ್ಕ ವಯಸ್ಸು, ಯಾವ ಹೆಸರನ್ನೂ ನಾನು ಕೊಡುವುದಿಲ್ಲ. ಅದು ತಿಳಿದು ಮಾಡಿದ್ದು.

ಸಂಜೆ ಅಪ್ಪ ಬಂದವರು ನೇರ ಹಿತ್ತಲಿಗೆ ಹೋದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅವರು ಎಡಗೈ ಬ್ರೇಕು ಒತ್ತಿ ಹಿಂದಿನ ಚಕ್ರ ತಿರುಗಿಸಿದರು, ಬಲಗೈದು ಒತ್ತಿ ಮುಂದಿನದನ್ನು ತಿರುಗಿಸಿದರು. ಎರಡೂ ಸರಿ ಇದ್ದವು. ಸೈಕಲ್ಲಿನ ದೋಷವಲ್ಲ ಎಂದು ಅಮ್ಮನಿಗೆ ಹೇಳಿದರು. ಅಷ್ಟೇ ಹೇಳಿದ್ದು. ಉಳಿದದ್ದನ್ನು ಎಲ್ಲರೂ ತಾವೇ ಸೇರಿಸಿಕೊಂಡರು.

ಆಸ್ಪತ್ರೆಯಲ್ಲಿ ನೀನು ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ: "ನಾನು ಹಿಂದಿನದ್ದೇ ಒತ್ತಿದ್ದು ಅಪ್ಪಾ, ನಂಗೆ ಚೆನ್ನಾಗಿ ನೆನಪಿದೆ." ಮೊದಲ ದಿನ ಹೇಳಿದೆ, ಮೂರನೆಯ ದಿನ ಹೇಳಿದೆ, ಕಾಲಿಗೆ ಪ್ಲಾಸ್ಟರ್ ಹಾಕಿದ ದಿನ ಇನ್ನೊಮ್ಮೆ ಹೇಳಿದೆ. ಅಪ್ಪ ನಿನ್ನ ತಲೆ ಸವರಿದರು. "ಇರಲಿ ಮಗಳೇ, ಗಾಬರೀಲಿ ಕೈ ಎಲ್ಲೆಲ್ಲೋ ಹೋಗುತ್ತೆ," ಅಂದರು. ಅಪ್ಪನ ದನಿಯಲ್ಲಿ ಎಷ್ಟು ಮಮತೆ ಇತ್ತೆಂದರೆ ನೀನು ಅವರನ್ನು ನಂಬಿದೆ. ಆಮೇಲೆ ಆ ಮಾತನ್ನು ನೀನು ಆಡಿದ್ದನ್ನು ನಾನು ಕೇಳಿಲ್ಲ. ನಾನು ಮಂಚದ ಕಾಲಬದಿಯಲ್ಲಿ ನಿಂತಿದ್ದೆ. ನಿನಗೆ ಹಣ್ಣು ಸುಲಿದು ಕೊಡುತ್ತಿದ್ದೆ.

ನಿನ್ನ ಬದಲು ಜಿಂಕೆ ಹೋದಳು. ಅಲ್ಲಿಂದ ಅವಳು ಇಂಗ್ಲಿಷಿನಲ್ಲಿ ಬರೆದ ಕಾರ್ಡನ್ನು ನೀನು ನನಗೇ ಓದಲು ಕೊಟ್ಟೆ. ನದಿ ತುಂಬ ಅಗಲವಾಗಿದೆ, ನಿನ್ನ ನೆನಪಾಯಿತು ಎಂದಿತ್ತು. ಓದಿ ಹೇಳಿದೆ. ಆ ಸಲ ಒಂದು ಅಕ್ಷರವನ್ನೂ ಸೇರಿಸಲಿಲ್ಲ.

ನಿನ್ನ ಮಂಡಿ ಆಮೇಲೆ ಎಂದೂ ಪೂರ್ತಿ ಮಡಚಲಿಲ್ಲ. ಅದೊಂದೇ ಆಗಿದ್ದರೆ ನಾನು ಬಹುಶಃ ಸಾಯುವವರೆಗೂ ಬಾಯಿ ಬಿಡುತ್ತಿರಲಿಲ್ಲವೇನೋ. ಅಷ್ಟು ಹೇಡಿ ನಾನು. ಆದರೆ ನೀನು ನಿನ್ನ ಬಗ್ಗೆಯೇ ನಂಬಿಕೆ ಕಳೆದುಕೊಂಡದ್ದನ್ನು ಇಪ್ಪತ್ತೊಂಬತ್ತು ವರ್ಷ ನೋಡುತ್ತ ಬಂದಿದ್ದೇನೆ. ಸ್ಕೂಟರ್ ಕಲಿಯಲಿಲ್ಲ. ರಸ್ತೆ ದಾಟುವಾಗ ಮಗಳ ತೋಳು ಹಿಡಿಯುತ್ತೀಯ, ಅವಳಿಗೆ ಏಳು ವರ್ಷ ಆಗಿದ್ದಾಗಿನಿಂದ. ಟೆಂಟು ಹೊಲಿಯುವ ಕಾರ್ಖಾನೆಯಲ್ಲಿ ನಿನ್ನಷ್ಟು ಚೆನ್ನಾಗಿ ಬಟ್ಟೆ ಕತ್ತರಿಸುವವರು ಇಲ್ಲ. ಆದರೂ ಮೇಲ್ವಿಚಾರಕಿ ಆಗು ಎಂದು ಎರಡು ಸಲ ಕರೆದರೆ ಎರಡು ಸಲವೂ ಒಲ್ಲೆ ಎಂದೆ. ಅವಸರದಲ್ಲಿ ನಾನು ಗಾಬರಿ ಬೀಳುವವಳು, ಬೇರೆಯವರ ಜವಾಬ್ದಾರಿ ಬೇಡ ಎಂದು ನನಗೆ ಕಾರಣ ಕೊಟ್ಟೆ. ನನ್ನ ಮಗ ಹುಟ್ಟಿ ಹನ್ನೊಂದು ದಿನ ಆಗಿದ್ದಾಗ ಮೆಟ್ಟಿಲ ಮೇಲೆ ಅವನನ್ನು ನಿನ್ನ ಕೈಗೆ ಕೊಡಲು ಬಂದೆ. ನೀನು ಎರಡೂ ಕೈ ಹಿಂದೆ ಕಟ್ಟಿಕೊಂಡು, "ಬೇಡ್ವೇ, ನನ್ನ ಕೈ ನಂಬೋ ಹಾಗಿಲ್ಲ," ಅಂದೆ. ಆವತ್ತು ಹೇಳಬೇಕಿತ್ತು. ಮಗು ಅತ್ತಿತು, ಒಳಗೆ ಕರೆದುಕೊಂಡು ಹೋದೆ.

ನಾನು ಮಾಡುವ ಕೆಲಸ ನಿನಗೆ ಗೊತ್ತಲ್ಲ. ಮಿಕ್ಸಿ, ಪಂಪು, ಗೀಸರುಗಳ ಜೊತೆ ಬರುವ ಕಿರುಪುಸ್ತಕಗಳನ್ನು ಇಂಗ್ಲಿಷಿನಿಂದ ನಮ್ಮ ಮಾತಿಗೆ ತರುವುದು. ಎಚ್ಚರಿಕೆಯ ಪುಟ ಕೊನೆಯಲ್ಲಿದ್ದರೆ ನಾನು ಜಗಳವಾಡಿ ಅದನ್ನು ಮೊದಲಿಗೆ ಹಾಕಿಸುತ್ತೇನೆ. ಇವಳ ಕೈಗೆ ಬಾಗಿಲ ಚಿಲಕ ಕೊಟ್ಟರೂ ನಾಲ್ಕು ಪುಟ ಎಚ್ಚರಿಕೆ ಬರೆಯುತ್ತಾಳೆ ಎಂದು ನಮ್ಮ ಮೇಲಧಿಕಾರಿ ಹಂಗಿಸುತ್ತಾರೆ. ಎಲ್ಲರ ಜೊತೆ ನಾನೂ ನಗುತ್ತೇನೆ. ಇಪ್ಪತ್ತು ವರ್ಷ ಅಪರಿಚಿತರಿಗೆಲ್ಲ ಎಚ್ಚರಿಕೆ ಹೇಳಿ ಒಬ್ಬಳಿಗೆ ಹೇಳದೆ ಉಳಿದದ್ದು ಸರಿದೂಗುತ್ತದೆಯೇ ಎಂದು ಕೇಳಿಕೊಂಡಿದ್ದೇನೆ. ಇಲ್ಲ.

ಈ ನದಿಯನ್ನೇ ಯಾಕೆ ಆರಿಸಿಕೊಂಡೆ ಅಂತ ನೀನು ಕೇಳಲಿಲ್ಲ. ನಾನೇ ಕೇಳಿಕೊಂಡೆ. ನಿನಗಾಗಿ ಎಂದು ಮೊದಲು ಅಂದುಕೊಂಡೆ. ನಿನ್ನ ಆಸೆಯನ್ನು ನಾನಾದರೂ ಪೂರೈಸುತ್ತೇನೆ ಎಂಬ ದೊಡ್ಡ ಮಾತು. ಅದು ಸುಳ್ಳು. ಇನ್ನೊಬ್ಬರ ದಾರಿಯನ್ನು ತುಳಿದು ಅವರಿಗೇ ಉಪಕಾರ ಮಾಡಿದೆ ಅನ್ನುವುದು ಎಲ್ಲಿಯ ನ್ಯಾಯ? ಆ ನಾಲ್ಕು ತಿಂಗಳ ಸಂಜೆಗಳು ನನಗೆ ಮತ್ತೆ ಬೇಕಾಗಿದ್ದವು, ಅಷ್ಟೇ. ತಕ್ಕಡಿ, ನಕ್ಷೆ, ಚೈನಿನ ಎಣ್ಣೆಯ ವಾಸನೆ, ಮುಂದಕ್ಕೆ ಹೇಳು ಎನ್ನುವ ನಿನ್ನ ದನಿ. ಅದನ್ನು ಪಡೆಯಲು ನಾನು ಇಷ್ಟು ದೂರ ಹೋಗಬೇಕಾಗಿರಲಿಲ್ಲ, ನಿನ್ನ ಮನೆಗೆ ಬಂದು ನಿನ್ನ ಎದುರು ಕೂತಿದ್ದರೆ ಸಾಕಿತ್ತು.

ಹೀಗಾಗಿ ಚೀಲಗಳನ್ನು ಇನ್ನೂ ಸೈಕಲ್ಲಿಗೆ ಹಾಕಿಲ್ಲ. ಹಾಕು ಅಂತ ನೀನು ಹೇಳಿದರೆ ಹಾಕುತ್ತೇನೆ. ವಾಪಸ್ ಕಳಿಸು ಅಂದರೆ ಮಡಚಿ, ಪಾರ್ಸಲ್ ಬಂದ ಪೆಟ್ಟಿಗೆಯಲ್ಲೇ ಇಟ್ಟು ಕಳಿಸುತ್ತೇನೆ. ಹೋಗಲೇಬೇಡ ಅಂದರೆ ಹೋಗುವುದಿಲ್ಲ. ಟಿಕೆಟ್ಟು ಹಾಳಾದರೆ ಆಗಲಿ. ಏನೂ ಹೇಳದಿದ್ದರೆ ಏನು ಮಾಡುತ್ತೇನೆ ಎನ್ನುವುದು ನನಗೆ ತಿಳಿದಿಲ್ಲ. ಕ್ಷಮಿಸು ಎಂದು ಈ ಪತ್ರದಲ್ಲಿ ಬೇಕೆಂದೇ ಬರೆದಿಲ್ಲ. ಹಾಗೆ ಬರೆದರೆ ನೀನು ಕ್ಷಮಿಸಿಬಿಡುತ್ತೀಯ, ಕೋಪ ಮಾಡಿಕೊಳ್ಳಲು ನಿನಗೆ ಒಂದು ದಿನವೂ ಸಿಗುವುದಿಲ್ಲ. ನಿಧಾನವಾಗಿ ಕೋಪ ಮಾಡಿಕೋ. ನಿನ್ನ ಪಾಲಿನದು ಬಹಳ ಬಾಕಿ ಇದೆ.

ಒಂದನ್ನು ಮಾತ್ರ ಕೇಳುತ್ತೇನೆ. ಆಸ್ಪತ್ರೆಯಲ್ಲಿ ಮೂರು ಸಲ ಹೇಳಿ ನಿಲ್ಲಿಸಿದೆಯಲ್ಲ, ಆ ಮಾತನ್ನು ಮತ್ತೆ ಹೇಳು. ಮಗಳನ್ನು ಕೂರಿಸಿಕೊಂಡು ಹೇಳು. ಅವತ್ತು ನೀನು ಗಾಬರಿ ಬೀಳಲಿಲ್ಲ. ಒಂದು ಕೈಯಲ್ಲಿ ತಂಗಿಗೆ ಹುಷಾರು ಅಂದೆ, ಇನ್ನೊಂದರಲ್ಲಿ ಒತ್ತಬೇಕಾದ್ದನ್ನೇ ಒತ್ತಿದೆ. ನಿನ್ನ ಎಡಗೈ ಸರಿಯಾಗಿಯೇ ಇತ್ತು, ಅಕ್ಕಾ. ಈಗಲೂ ಸರಿಯಾಗಿದೆ. ಅದು ಹಾಕಿದ ಹೊಲಿಗೆ ನನ್ನ ಮುಂದೆಯೇ ಇದೆ.

ಭಾವನಿಗೆ, ಮಗಳಿಗೆ ಈ ಪತ್ರ ತೋರಿಸಬೇಕೋ ಬೇಡವೋ ನಿನ್ನ ಇಷ್ಟ. ತೋರಿಸಿದರೆ ನನಗೇನೂ ಬೇಸರವಿಲ್ಲ ಎಂದು ಬರೆಯಲು ಹೊರಟೆ. ಬೇಸರವಾಗುತ್ತದೆ, ಆದರೂ ತೋರಿಸು.

ನಿನ್ನ ಬೆನ್ನ ಹಿಂದಿನ ಸೈಕಲ್ಲಿನಲ್ಲಿದ್ದ,
ಹುಳ

ತಾಜಾ ಕಲಂ: ಇವತ್ತು ಮಂಗಳವಾರ. ಎರಡು ದಿನದಿಂದ ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ, ಈಗ ತೆಗೆದು ಮತ್ತೆ ಓದಿದೆ. ಬ್ರೇಕಿನ ವಿಷಯ ಹೇಳಲು ಮರೆತೆ ಎಂದು ಮೇಲೆ ಬರೆದಿದ್ದೇನೆ. ಆ ಸಾಲನ್ನು ಹೊಡೆದುಹಾಕಿಲ್ಲ, ನೀನೂ ನೋಡಲಿ ಎಂದು ಹಾಗೇ ಬಿಟ್ಟಿದ್ದೇನೆ. ಇಷ್ಟು ವರ್ಷ ನನಗೆ ನಾನು ಹೇಳಿಕೊಂಡಿದ್ದು ಅದನ್ನೇ. ಅವತ್ತು ಬೆಳಿಗ್ಗೆ ಗೇಟಿನ ಹತ್ತಿರ ನೀನು ಒಂದು ಕಾಲು ಪೆಡಲಿನ ಮೇಲಿಟ್ಟು ನನ್ನ ಕಡೆ ತಿರುಗಿದೆ. ಹಿಂದಿನ ಸಂಜೆಯ ಮಾತಿಗೆ ರಾಜಿ ಮಾಡಿಕೊಳ್ಳಲೆಂದೇ ಕೇಳಿದೆ ಅಂತ ಈಗ ಅನಿಸುತ್ತದೆ. "ಹುಳಾ, ಪುಸ್ತಕದಲ್ಲಿ ಹೊಸದೇನಾದ್ರೂ ಇದೆಯೇನೇ ನಂಗೆ ಹೇಳೋದು?" ಎಂದೆ. ಬ್ರೇಕು ನನ್ನ ಕಣ್ಣೆದುರೇ ಇತ್ತು. ಇಲ್ಲ ಎಂದೆ.